ಹಸುವಿನ ಬಲಮಗ್ಗುಲು

ಆಗಸ್ಟ್ ೪, ಸೋಮವಾರ

ಡೀನ್ ಕರೆಸಿದ್ದರು. ಕುರ್ಚಿ ತೋರಿಸಿದರು, ನೀರು ತರಿಸಿದರು, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಎಂದು ಕೇಳಿದರು. ಅಲ್ಲಿಗೇ ನನಗೆ ಅರ್ಥವಾಯಿತು. ಒಳ್ಳೆಯ ಸುದ್ದಿಯಿದ್ದರೆ ಆ ಮನುಷ್ಯ ಕಾರಿಡಾರಿನಲ್ಲಿ ನಡೆಯುತ್ತಲೇ ಹೇಳಿ ಮುಗಿಸುತ್ತಾರೆ.

ನನ್ನ ಡಿಸೆಕ್ಷನ್ ಹಾಲ್ ಮುಚ್ಚುವ ಯೋಚನೆಯಂತೆ. ಇಪ್ಪತ್ತಾರು ವರ್ಷದಿಂದ ಪಶುವೈದ್ಯ ವಿದ್ಯಾರ್ಥಿಗಳಿಗೆ ಸತ್ತ ಹಸುವಿನ ಮೈ ಬಿಡಿಸಿ ಅಂಗರಚನೆ ಕಲಿಸುತ್ತಿರುವ ಹಾಲ್. "ವಾಸನೆ ಅಂತ ಪಕ್ಕದ ವಿಭಾಗದವರು ದೂರು ಕೊಡ್ತಾರೆ. ಫಾರ್ಮಾಲಿನ್ ಒಳ್ಳೇದಲ್ಲ ಅಂತ ಡಾಕ್ಟ್ರುಗಳು ಹೇಳ್ತಾರೆ. ಈಗ ಪರದೆ ಬಂದಿದೆಯಲ್ಲ ಮೇಡಂ" ಎಂದರು.

ಪರದೆ ಎಂದರೆ ಮಂಚದಷ್ಟು ದೊಡ್ಡ ಕಂಪ್ಯೂಟರ್ ಮೇಜು. ಅದರ ಮೇಲೆ ಹಸುವಿನ ಚಿತ್ರ ಮಲಗಿರುತ್ತದೆ. ಬೆರಳು ಜಾರಿಸಿದರೆ ಚರ್ಮ ಹೋಗುತ್ತದೆ, ಇನ್ನೊಮ್ಮೆ ಜಾರಿಸಿದರೆ ಮಾಂಸ ಹೋಗುತ್ತದೆ. ಕೊಬ್ಬು ಕೆರೆಯುವ ಕೆಲಸವಿಲ್ಲ, ಬೆವರಿಲ್ಲ. ಅದನ್ನು ತರಿಸಿದವನು ನಮ್ಮ ಹೊಸ ಲೆಕ್ಚರರ್. ನಾನು ಅವನಿಗೆ ಪರದೆ ಮೇಷ್ಟ್ರು ಎಂದು ಹೆಸರಿಟ್ಟಿದ್ದೇನೆ. ಸಭ್ಯ ಹುಡುಗ. ಅದೇ ಇನ್ನಷ್ಟು ಸಿಟ್ಟು ತರಿಸುವುದು. ಒರಟನಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ತೀರ್ಮಾನಕ್ಕೆ ಒಂದು ಪರೀಕ್ಷೆ ಇಟ್ಟಿದ್ದಾರೆ. ಮೊದಲ ವರ್ಷದ ಅರವತ್ತು ಮಕ್ಕಳಲ್ಲಿ ಚೀಟಿ ಎತ್ತಿ ಮೂವತ್ತು ನನಗೆ, ಮೂವತ್ತು ಅವನಿಗೆ. ಐದು ವಾರಕ್ಕಿಂತ ಸ್ವಲ್ಪ ಹೆಚ್ಚು ಪಾಠ. ಆಮೇಲೆ ಒಂದು ನಿಜವಾದ ದೇಹದ ಮೇಲೆ ಐವತ್ತು ಗುಂಡುಪಿನ್ನು ಚುಚ್ಚಿ, ಇದು ಯಾವ ನರ, ಇದು ಯಾವ ಅಂಗ ಎಂದು ಎಲ್ಲರನ್ನೂ ಕೇಳುವುದು. ನನ್ನ ಮಕ್ಕಳು ಮುಂದಿದ್ದರೆ ಹಾಲ್ ಉಳಿಯುತ್ತದೆ. ಇಲ್ಲದಿದ್ದರೆ ಬೀಗ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆಗಲಿ, ಪರೀಕ್ಷೆ ನಡೆಯಲಿ. ನಿಜವಾದ ದೇಹದ ಮೇಲೆ ಪರೀಕ್ಷೆಯಂತೆ! ಈಜುಕೊಳದಲ್ಲಿ ಮೀನಿಗೂ ಬೆಕ್ಕಿಗೂ ಪಂದ್ಯ ಇಟ್ಟಹಾಗಾಯಿತು.

ಆಗಸ್ಟ್ ೭, ಗುರುವಾರ

ಚೀಟಿ ಎತ್ತಿದ್ದಾಯಿತು. ಮೂವತ್ತರಲ್ಲಿ ಹತ್ತು ಜನಕ್ಕೆ ಕತ್ತರಿ ಹಿಡಿಯಲು ಬರುವುದಿಲ್ಲ, ನಾಲ್ವರಿಗೆ ವಾಸನೆಗೇ ತಲೆ ಸುತ್ತು, ಒಬ್ಬಳು ಎಡಚಿ.

ಈ ಎಡಚಿಯ ಕಥೆ ಬರೆಯಲೇಬೇಕು. ನಮ್ಮ ಹಾಲ್‌ನಲ್ಲಿ ಒಂದು ಕ್ರಮವಿದೆ. ಛಾವಣಿಯ ಕಂಬಿಗೆ ಸರಪಳಿ, ಸರಪಳಿಗೆ ಕೊಕ್ಕೆ. ದೇಹ ಅದರಲ್ಲಿ ತೂಗಿಕೊಂಡು ಬಂದು ಕಲ್ಲಿನ ಮೇಜಿನ ಮೇಲೆ ಬಲಮಗ್ಗುಲಾಗಿ ಮಲಗುತ್ತದೆ. ತಲೆ ಬಾಗಿಲ ಕಡೆ, ಬಾಲ ಸಿಂಕಿನ ಕಡೆ, ಕಾಲು ಕಿಟಕಿಯ ಕಡೆ. ಎಡಮೈ ಮೇಲೆ ಇರುತ್ತದೆ, ಅದನ್ನು ಬಿಡಿಸುತ್ತೇವೆ. ನನ್ನ ಗುರುಗಳ ಕಾಲದಿಂದ ಹೀಗೇ. ಅಡಿಗೆ ಬಿದ್ದ ಬಲಮೈ ಅಷ್ಟು ದಿನದ ಭಾರಕ್ಕೆ ಅಪ್ಪಚ್ಚಿಯಾಗಿ ಕೆಲಸಕ್ಕೆ ಬಾರದಂತಾಗುತ್ತದೆ, ಆದ್ದರಿಂದ ಆ ಕಡೆಯದನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಮುಗಿಸುತ್ತೇವೆ. ಎಲ್ಲರೂ ಕಿಟಕಿಯ ಕಡೆ ಸಾಲಾಗಿ ನಿಂತು ಬಲಗೈಯಲ್ಲಿ ಕೆಲಸ ಮಾಡುತ್ತಾರೆ. ಇವಳೊಬ್ಬಳು ನಡುವೆ ನಿಂತು ಎಡಗೈ ಆಡಿಸುತ್ತಾಳೆ, ಪಕ್ಕದವನ ಮೊಣಕೈಗೆ ಇವಳ ಮೊಣಕೈ. ಎರಡು ಗಂಟೆಯಲ್ಲಿ ಮೂರು ಸಲ ಕತ್ತರಿ ಬಿತ್ತು.

ಕೊನೆಗೆ ಕೇಳಿದಳು. "ಮೇಡಂ, ಹಸೂನ ಒಂದ್ಸಲ ಮಗುಚಿ ಹಾಕಿದ್ರೆ ನನಗೆ ಸಲೀಸಾಗ್ತಿತ್ತು."

"ನಿನ್ನೊಬ್ಬಳಿಗೋಸ್ಕರ ಇಷ್ಟು ದೊಡ್ಡ ಹಸು ಮಗ್ಗುಲು ಬದಲಾಯಿಸಬೇಕೇನಮ್ಮಾ? ನೀನೇ ಕೈ ಬದಲಾಯಿಸು" ಎಂದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಮೂಲೆಯಲ್ಲಿ ಸರಪಳಿ ಅಣ್ಣ ಮಾತ್ರ ನಗಲಿಲ್ಲ. ಮೂವತ್ತು ವರ್ಷದಿಂದ ಆ ಸರಪಳಿ ಎಳೆಯುತ್ತಿರುವ ನಮ್ಮ ಅಟೆಂಡರ್ ಅವನು. ಬೆನ್ನು ನೋವಿರಬೇಕು.

ಆಗಸ್ಟ್ ೮, ಶುಕ್ರವಾರ

ಎಡಚಿ ಪೀಡೆ ಇವತ್ತು ಬಕೆಟ್ ಉರುಳಿಸಿದಳು.

ಆಗಸ್ಟ್ ೧೯, ಮಂಗಳವಾರ

ಪರದೆಯ ಕೋಣೆಗೆ ಸುಮ್ಮನೆ ಹೋಗಿ ನೋಡಿದೆ. ತಣ್ಣಗಿನ ಗಾಳಿ, ಕಲೆಯಿಲ್ಲದ ಬಿಳಿ ಕೋಟು, ಕೂದಲು ಕೆದರದ ಮಕ್ಕಳು. ಅಲ್ಲಿ ನರವೆಲ್ಲ ಹಳದಿ, ರಕ್ತನಾಳವೆಲ್ಲ ಕೆಂಪು ಇಲ್ಲವೇ ನೀಲಿ. ದೇವರೂ ಹೀಗೇ ಬಣ್ಣ ಹಚ್ಚಿ ಕಳಿಸಿದ್ದರೆ ನಮ್ಮಂಥವರು ಯಾಕೆ ಬೇಕಿತ್ತು? ನಿಜವಾದ ದೇಹದಲ್ಲಿ ಎಲ್ಲವೂ ಒಂದೇ ಬೂದು ಬಣ್ಣ. ನರ ಯಾವುದು, ಬರಿಯ ಎಳೆ ಯಾವುದು ಎಂದು ಬೆರಳು ಹೇಳಬೇಕು.

ಒಬ್ಬ ಹುಡುಗ ಹಸುವನ್ನು ಬುಗುರಿಯಂತೆ ತಿರುಗಿಸುತ್ತಿದ್ದ. ಮೇಲೆ, ಕೆಳಗೆ, ಹಿಂದೆ, ಮುಂದೆ. "ಹೀಗೆ ತಿರುಗಿಸಿದರೆ ಹಸುವಿಗಲ್ಲ, ನಿನಗೇ ತಲೆ ಸುತ್ತುತ್ತೆ" ಎಂದೆ. ಪರದೆ ಮೇಷ್ಟ್ರು, "ಬನ್ನಿ ಮೇಡಂ, ನೀವೂ ಒಂದ್ಸಲ ಮುಟ್ಟಿ ನೋಡಿ" ಎಂದ. ನನ್ನ ಕೈ ಒದ್ದೆಯಿದೆ ಎಂದು ಸುಳ್ಳು ಹೇಳಿ ಬಂದೆ.

ಮನೆಗೆ ಬಂದರೆ ಇವರು ಎಂದಿನಂತೆ ಎದ್ದು ಕಿಟಕಿ ತೆರೆದರು. ಮದುವೆಯಾದಾಗಿನಿಂದ ನನಗೆ ಸಿಗುವ ಸ್ವಾಗತ ಅದು. ಅತ್ತೆ ಹೊಲಿಗೆ ಯಂತ್ರದಿಂದ ತಲೆಯೆತ್ತಿ, "ಬಾಗಿಲು ಬಡಿಯೋದೇ ಬೇಡ ಕಣಮ್ಮಾ, ಬೀದಿ ತುದೀಲಿರುವಾಗ್ಲೇ ನೀನು ಬಂದೆ ಅಂತ ಗೊತ್ತಾಗುತ್ತೆ" ಎಂದರು. ನಲವತ್ತು ವರ್ಷ ಊರಿನವರ ಬಟ್ಟೆ ಹೊಲಿದ ಹೆಂಗಸು. ಕಣ್ಣು ಮಂಜಾಗಿದೆ, ನಾಲಿಗೆ ಕತ್ತರಿಯಷ್ಟೇ ಚೂಪಾಗಿದೆ.

ಸೆಪ್ಟೆಂಬರ್ ೨, ಮಂಗಳವಾರ

ಇವತ್ತು ಬಾಯಿಪರೀಕ್ಷೆ ಮಾಡಿದೆ. ನನ್ನ ತಂಡದಲ್ಲಿ ಎಲ್ಲರಿಗಿಂತ ಜಾಣ, ಕನ್ನಡಕದ ಹುಡುಗ. ಕತ್ತಿನ ಉದ್ದಕ್ಕೂ ಹೋಗುವ ಒಂದು ನರ ಎತ್ತಿ ಹಿಡಿದು, ಇದು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಹೇಳು ಎಂದೆ.

"ಬಾಗಿಲಿಂದ ಸಿಂಕಿನ ಕಡೆಗೆ ಹೋಗುತ್ತೆ ಮೇಡಂ."

ತಮಾಷೆ ಎಂದುಕೊಂಡೆ. ಅವನ ಮುಖದಲ್ಲಿ ತಮಾಷೆಯಿರಲಿಲ್ಲ. ಉಳಿದವರತ್ತ ನೋಡಿದೆ. ಒಬ್ಬರೂ ನಗಲಿಲ್ಲ, ಒಬ್ಬರೂ ತಿದ್ದಲಿಲ್ಲ. ಸರಿಯಾಗಿ ಹೇಳಿದ ಎನ್ನುವಂತೆ ಇಬ್ಬರು ತಲೆಯಾಡಿಸುತ್ತಿದ್ದರು.

"ಹಸು ಎದ್ದು ಹೊಲಕ್ಕೆ ಹೋದರೆ ನರ ಎಲ್ಲಿಂದ ಎಲ್ಲಿಗೆ ಹೋಗುತ್ತಪ್ಪಾ?"

ಅವನು ಬಾಗಿಲನ್ನೊಮ್ಮೆ, ಸಿಂಕನ್ನೊಮ್ಮೆ ನೋಡಿದ. ಆಮೇಲೆ ನೆಲ ನೋಡಿದ. ಮೊದಲ ಪಾಠದಲ್ಲೇ ಹೇಳುತ್ತೇನೆ, ತಲೆಯ ಕಡೆ, ಬಾಲದ ಕಡೆ, ಬೆನ್ನಿನ ಕಡೆ, ಹೊಟ್ಟೆಯ ಕಡೆ ಎಂದೇ ಹೇಳಬೇಕು, ಕೋಣೆಯ ಲೆಕ್ಕ ಹೇಳಬಾರದು ಎಂದು. ಹೇಳುವುದೇ ಬಂತು. ಮೈ ಪರಚಿಕೊಳ್ಳುವ ಹಾಗಾಯಿತು.

ಸೆಪ್ಟೆಂಬರ್ ೩, ಬುಧವಾರ

ಇನ್ನೂ ಆರು ಮಂದಿಯನ್ನು ಒಬ್ಬೊಬ್ಬರಾಗಿ ಕರೆದು, ಕಣ್ಣು ಮುಚ್ಚಿಸಿ, ಹಸು ನಿಮ್ಮ ಎದುರು ನಿಂತಿದೆ, ಅದರ ಬಲಗಡೆ ಏನೇನಿದೆ ಹೇಳಿ ಎಂದೆ. ಎಡಗಡೆ ಎಂದರೆ ಅರಳು ಹುರಿದ ಹಾಗೆ ಹೇಳುತ್ತಾರೆ. ಬಲಗಡೆ ಎಂದಕೂಡಲೇ ಹೆಸರು ಬಾಯಲ್ಲಿದೆ, ಜಾಗ ಗೊತ್ತಿಲ್ಲ. ಹಸುವಿನಲ್ಲಿ ಎಡಕ್ಕೂ ಬಲಕ್ಕೂ ಅಜಗಜಾಂತರ. ಎಡಗಡೆಯೆಲ್ಲ ಆ ದೊಡ್ಡ ಮೊದಲ ಹೊಟ್ಟೆ. ಯಕೃತ್ತು, ಕರುಳಿನ ಸುರುಳಿಗಳು, ತೊಂದರೆ ಕೊಡುವ ಮುಕ್ಕಾಲು ಸಾಮಾನು ಬಲಗಡೆ.

ಸಂಜೆ ಸರಪಳಿ ಅಣ್ಣ ಮೇಜು ತೊಳೆಯುತ್ತಿದ್ದ. ಅವನಿಗೆ ಹೇಳಿದೆ.

"ನನಗೆ ಮೊದ್ಲಿಂದ ಗೊತ್ತು ಮೇಡಂ. ಹೋದ ವರ್ಷದ ಮಕ್ಕಳು ಒಂದು ನರಕ್ಕೆ ಕಿಟಕಿ ನರ ಅಂತಾನೇ ಹೆಸರಿಟ್ಟಿದ್ರು."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ."

ಎಲ್ಲರಿಗೂ ಎಲ್ಲ ಗೊತ್ತು, ನಾನು ಕೇಳಬೇಕಂತೆ. ಪರೀಕ್ಷೆಗೆ ಉಳಿದಿರುವುದು ಹನ್ನೆರಡು ದಿನ. ಈ ದೇಹದ ಬಲಮೈ ಆಗಲೇ ಕಲ್ಲಿಗೆ ಅಂಟಿ ಹಾಳಾಗಿದೆ. ಈಗ ಏನೂ ಮಾಡುವ ಹಾಗಿಲ್ಲ.

ಸೆಪ್ಟೆಂಬರ್ ೧೧, ಗುರುವಾರ

ಪರೀಕ್ಷೆಯ ದೇಹ ಬಂತು. ಡೈರಿಯಲ್ಲಿ ವಯಸ್ಸಾಗಿ ಸತ್ತ ಹಸು. ಅಣ್ಣ ಕೊಳೆಯದಂತೆ ರಕ್ತನಾಳಕ್ಕೆ ಫಾರ್ಮಾಲಿನ್ ಏರಿಸಿ, ಸರಪಳಿಗೆ ಹಾಕಿ ಅರ್ಧ ಎತ್ತಿದವನು, ಸರಪಳಿ ಹಿಡಿದು ಹಾಗೇ ನಿಂತ. "ಯಾವ ಮಗ್ಗುಲು ಮಲಗಿಸ್ಲಿ ಮೇಡಂ?"

ಮೂವತ್ತು ವರ್ಷದಲ್ಲಿ ಒಂದು ದಿನ ಕೇಳಿದವನಲ್ಲ.

"ಯಾವಾಗಿನ ಹಾಗೆ" ಎಂದೆ.

ಮಲಗಿಸಿದ. ಇದರಲ್ಲಿ ಮೋಸವೇನಿಲ್ಲ. ಹೀಗೇ ಮಲಗಿಸಬೇಕು ಎಂದು ಯಾರೂ ಬರೆದುಕೊಟ್ಟಿಲ್ಲ, ಹೀಗೆ ಮಲಗಿಸಬಾರದು ಎಂದೂ ಬರೆದಿಲ್ಲ. ಪದ್ಧತಿ ಪದ್ಧತಿಯೇ. ಪರದೆಯವರು ಹಸುವನ್ನು ಯಾವ ಕಡೆಗಾದರೂ ತಿರುಗಿಸಿಕೊಂಡಿದ್ದಾರೆ, ಅವರಿಗೆ ಎಡವಾದರೇನು, ಬಲವಾದರೇನು? ನನ್ನ ಮಕ್ಕಳಿಗೆ ಅನ್ಯಾಯವಾಗಬಾರದು, ಅಷ್ಟೇ.

ತಲೆನೋವು. ಬೇಗ ಮನೆಗೆ ಬಂದೆ.

ಸೆಪ್ಟೆಂಬರ್ ೧೫, ಸೋಮವಾರ

ಗೆದ್ದೆವು. ಐವತ್ತಕ್ಕೆ ನನ್ನ ತಂಡದ ಸರಾಸರಿ ಮೂವತ್ತೊಂಬತ್ತು, ಪರದೆಯವರದು ಮೂವತ್ತೊಂದು. ಮಕ್ಕಳು ಹಾಲ್‌ನಲ್ಲೇ ಚಪ್ಪಾಳೆ ತಟ್ಟಿದರು. ಪರದೆ ಮೇಷ್ಟ್ರು ಬಂದು ಕೈ ಕುಲುಕಿದ. ಅವನ ಸಭ್ಯತೆಗೆ ಬೆಂಕಿ ಬೀಳ.

ಹೊರಗಿನಿಂದ ಬಂದ ಪರೀಕ್ಷಕ ನನ್ನದೇ ಹಳೆಯ ವಿದ್ಯಾರ್ಥಿ, ಹದಿನಾಲ್ಕು ವರ್ಷದ ಹಿಂದಿನವನು. ಈಗ ಹೊಟ್ಟೆ ಬಂದಿದೆ, ಹೊಲಗಳ ನಡುವಿನ ಆಸ್ಪತ್ರೆಯಲ್ಲಿ ಕೆಲಸ. ಹಾಲ್‌ಗೆ ಕಾಲಿಟ್ಟವನೇ, "ಅಬ್ಬಾ, ಏನೂ ಬದಲಾಗಿಲ್ಲ ಮೇಡಂ. ಅದೇ ಬಾಗಿಲ ಕಡೆ ತಲೆ!" ಎಂದು ಖುಷಿಪಟ್ಟ.

ಚಹಾ ಕುಡಿಯುವಾಗ ತನ್ನ ಕೆಲಸದ ಮೊದಲ ವರ್ಷದ ಕಥೆ ಹೇಳಿದ. ಒಂದು ಹಸು ಮೇವು ಬಿಟ್ಟಿತ್ತಂತೆ. ಪಕ್ಕೆಯ ಮೇಲೆ ಬೆರಳಲ್ಲಿ ತಟ್ಟಿ, ಕಿವಿಗೆ ಸ್ಟೆತಾಸ್ಕೋಪ್ ಇಟ್ಟು, ಒಳಗೆ ಗಾಳಿ ತುಂಬಿದ ಶಬ್ದವಿದೆಯೇ ಎಂದು ಕೇಳಬೇಕು. "ಎರಡು ದಿನ ಎಡಗಡೇನೇ ತಟ್ಟಿದೆ ಮೇಡಂ. ಏನೂ ಇಲ್ಲ, ಔಷಧಿ ಕೊಟ್ಟೆ. ಮೂರನೇ ದಿನ ಸತ್ತುಹೋಯ್ತು. ಕೊಯ್ದು ನೋಡಿದ್ರೆ ನಾಲ್ಕನೇ ಹೊಟ್ಟೆ ಬಲಕ್ಕೆ ಹೋಗಿ ತಿರುಚಿಕೊಂಡಿದೆ. ಬಲಗಡೆ ತಟ್ಟಬೇಕು ಅಂತ ಪುಸ್ತಕದಲ್ಲಿ ಓದಿದ್ದೆ. ಆದ್ರೆ ಕೈ ಹೋಗಲೇ ಇಲ್ಲ ನೋಡಿ, ಎಡಗಡೇಗೇ ಹೋಗ್ತಿತ್ತು!" ಎಂದು ನಕ್ಕು, ಬಿಸ್ಕತ್ತು ಅದ್ದಿಕೊಂಡ.

ಅವನಿಗೆ ಅದು ಚಿಕ್ಕವಯಸ್ಸಿನ ದಡ್ಡತನ. ನಾನೂ ನಕ್ಕೆ. ಚಹಾ ಪೂರ್ತಿ ಕುಡಿಯಲಾಗಲಿಲ್ಲ.

ಸೆಪ್ಟೆಂಬರ್ ೧೬, ಮಂಗಳವಾರ

ಎಲ್ಲರೂ ಅಭಿನಂದನೆ ಹೇಳುತ್ತಿದ್ದಾರೆ. ಎಲ್ಲರ ಮೇಲೂ ರೇಗುತ್ತಿದ್ದೇನೆ.

ಸೆಪ್ಟೆಂಬರ್ ೧೭, ಬುಧವಾರ

ಅತ್ತೆ, "ಗೆದ್ದು ಬಂದೋಳು ಹೀಗೆ ಪಾತ್ರೆ ಕುಕ್ಕುತ್ತಾಳಾ? ಏನಾಯ್ತು ಹೇಳು" ಎಂದರು. ಇವರು ಪೇಪರಿನ ಹಿಂದೆ ಅಡಗಿದರು. ಹೇಳಿದೆ. ಬಾಗಿಲು, ಸಿಂಕು, ಸತ್ತ ಹಸು, ಎಲ್ಲ.

ಅತ್ತೆ ದಾರ ಕಡಿದು, ಸೂಜಿಯನ್ನು ಬ್ಲೌಸಿಗೆ ಚುಚ್ಚಿಕೊಂಡು, ಸಾವಕಾಶವಾಗಿ ಕೇಳಿದರು. "ಮಕ್ಕಳಿಗೆ ಬರಲ್ಲ, ಸರಿ. ಆ ಮಗ್ಗುಲು ನಿಂಗೆ ಬರುತ್ತೇನಮ್ಮಾ?"

"ಇಪ್ಪತ್ತಾರು ವರ್ಷದಿಂದ ಪಾಠ ಮಾಡ್ತಿದೀನಿ ಅತ್ತೆ!"

"ಅದನ್ನಲ್ಲ ನಾನು ಕೇಳಿದ್ದು."

ಸಿಟ್ಟಿನಿಂದ ಕೋಣೆಗೆ ಬಂದು ಒಂದು ಹಾಳೆ ತೆಗೆದುಕೊಂಡೆ. ಬಲಗಡೆಯ ಎದೆಗೂಡು ಬರೆಯಲು ಕೂತೆ. ಪೆನ್ಸಿಲು ಪ್ರತಿ ಸಲವೂ ಹಸುವಿನ ತಲೆಯನ್ನು ಹಾಳೆಯ ಎಡಗಡೆಗೇ ಎಳೆಯುತ್ತಿತ್ತು. ನಾಲ್ಕು ಹಾಳೆ ಹರಿದೆ. ಐದನೆಯದರಲ್ಲಿ ತಲೆ ಬಲಕ್ಕೆ ಬಂತು, ಆದರೆ ಎರಡು ನರಗಳಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂದು ಪುಸ್ತಕ ತೆರೆಯದೆ ಹೇಳಲಾಗಲಿಲ್ಲ. ನಾಚಿಕೆಯಾಯಿತು. ಇದನ್ನು ಇಲ್ಲಿ ಮಾತ್ರ ಬರೆಯಬಲ್ಲೆ.

ಸೆಪ್ಟೆಂಬರ್ ೧೮, ಗುರುವಾರ

ಪರದೆ ಮೇಷ್ಟ್ರ ಕೋಣೆಗೆ ಹೋಗಿ, ಅದೇ ದೇಹವನ್ನು ಮಗುಚಿ ಇನ್ನೊಂದು ಪರೀಕ್ಷೆ ಮಾಡೋಣ, ಬಂದು ವಾರವಷ್ಟೇ ಆಗಿದೆ, ಬಲಮೈ ಇನ್ನೂ ಕೆಟ್ಟಿಲ್ಲ ಎಂದೆ. ಅವನಿಗೆ ಅರ್ಥವಾಗಲಿಲ್ಲ. "ನೀವು ಗೆದ್ದಾಯ್ತಲ್ಲ ಮೇಡಂ?"

"ಗೆದ್ದಿದ್ದು ಎಡಗಡೆ. ಹಸುವಿಗೆ ಇನ್ನೊಂದು ಕಡೆಯೂ ಇದೆ."

ಒಂದು ಷರತ್ತು ಹಾಕಿದೆ. ಬಲಮೈ ಬಿಡಿಸಿ ಪಿನ್ನು ಚುಚ್ಚುವುದು ಅವನು ಮತ್ತು ಸರಪಳಿ ಅಣ್ಣ. ಅಲ್ಲಿಯವರೆಗೆ ನಾನು ಹಾಲ್‌ಗೆ ಬರುವುದಿಲ್ಲ. ಯಾಕೆಂದರೆ ನಾನೂ ಪರೀಕ್ಷೆಗೆ ಕೂರುತ್ತೇನೆ. ಮೊದಲ ಬಾರಿಗೆ ಅವನು ಸಭ್ಯತೆ ಮರೆತು, ನನಗೆ ಕುರ್ಚಿಯನ್ನೂ ಕೊಡದೆ, ಕ್ಯಾಲೆಂಡರ್ ಎಳೆದು ಸೋಮವಾರಕ್ಕೆ ಗುರುತು ಹಾಕಿದ.

ಸೆಪ್ಟೆಂಬರ್ ೨೨, ಸೋಮವಾರ

ತಲೆ ಸಿಂಕಿನ ಕಡೆ ಇತ್ತು. ಬಾಗಿಲು ತೆರೆದವಳು ಬೇರೆ ಯಾರದೋ ಮನೆಗೆ ನುಗ್ಗಿದಂತೆ ಅಲ್ಲೇ ನಿಂತೆ.

ಮಕ್ಕಳ ಸಾಲಿನಲ್ಲಿ ನಿಂತು, ಅವರಂತೆಯೇ ಹಲಗೆಗೆ ಹಾಳೆ ಸಿಕ್ಕಿಸಿಕೊಂಡು, ಒಂದೊಂದು ಪಿನ್ನಿಗೆ ಒಂದೊಂದು ನಿಮಿಷ. ಗಂಟೆ ಬಾರಿಸಿದರೆ ಮುಂದಿನದಕ್ಕೆ. ಹದಿನೇಳನೆಯ ಪಿನ್ನಿನ ಮುಂದೆ ಎಡವಿದೆ. ಎದೆಯೊಳಗೆ ದೊಡ್ಡ ರಕ್ತನಾಳದ ಜೊತೆ ಹೋಗುವ ಒಂದು ನರ. ಹೊಟ್ಟೆಗೆ ಹೋಗುವುದು ಎಂದು ಬರೆದೆ, ಹೊಡೆದುಹಾಕಿದೆ, ಮತ್ತೆ ಅದನ್ನೇ ಬರೆದೆ. ಅದು ಎದೆಗೂ ಹೊಟ್ಟೆಗೂ ನಡುವಿನ ಪೊರೆಗೆ, ವಪೆಗೆ, ಹೋಗುವ ನರವಂತೆ. ಪುಸ್ತಕದಲ್ಲಿ ಕೇಳಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದೆ. ಕರುಳಿನ ಸುರುಳಿಗಳಲ್ಲಂತೂ ಆರು ತಪ್ಪು. ಒಬ್ಬ ಹುಡುಗ ನನ್ನ ಹಾಳೆಗೆ ಇಣುಕಿದ. ಪಾಪ, ಅವನಿಗೆ ಗೊತ್ತಿಲ್ಲ, ನಕಲು ಮಾಡಲು ತಪ್ಪು ಹಾಳೆ ಹಿಡಿದಿದ್ದ.

ಫಲಿತಾಂಶ: ನನ್ನ ತಂಡ ಇಪ್ಪತ್ತೊಂದು. ಪರದೆ ತಂಡ ಇಪ್ಪತ್ತೊಂಬತ್ತು. ನಾನು ಮೂವತ್ತೇಳು.

ಎಡಚಿ ನಲವತ್ತೆರಡು.

ಕರೆದು ಕೇಳಿದೆ, ಹೇಗೆ ಎಂದು. ಹೆದರಿ ನೋಟ್‌ಬುಕ್ ತೋರಿಸಿದಳು. ಪ್ರತಿ ದಿನದ ಚಿತ್ರವನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು, ಹಾಳೆಯ ಹಿಂಬದಿಯಲ್ಲಿ ಮಗುಚಿ ಬರೆದುಕೊಂಡಿದ್ದಾಳೆ. ಒಂದು ಕಡೆ ಮಾತ್ರ ಇರುವ ಅಂಗಗಳನ್ನು ಚಾರ್ಟು ನೋಡಿ ತಿದ್ದಿಕೊಂಡಿದ್ದಾಳೆ. "ಆಮೇಲೆ ಕೊಟ್ಟಿಗೆಗೆ ಹೋಗಿ ಹಸುವಿನ ಬಲಗಡೆ ನಿಂತು ಕೈಯಿಟ್ಟು ನೋಡ್ತೀನಿ ಮೇಡಂ. ನನಗೆ ಆ ಕಡೆಯೇ ಸಲೀಸು. ತಪ್ಪಾಯ್ತಾ?"

"ತಪ್ಪೇನಿಲ್ಲ, ಹೋಗು" ಎಂದು ಗದರಿದೆ. ಗದರಬೇಕಾಗಿರಲಿಲ್ಲ.

ಸೆಪ್ಟೆಂಬರ್ ೨೬, ಶುಕ್ರವಾರ

ವರದಿ ಬರೆದು ಕೊಟ್ಟೆ. ನಾಲ್ಕು ಪುಟ. ಮೊದಲ ಪುಟದಲ್ಲಿ ಮೊದಲ ಪರೀಕ್ಷೆ. ನಾಲ್ಕನೆಯದರಲ್ಲಿ ಎರಡನೆಯದು, ಮಕ್ಕಳ ಅಂಕದ ಪಟ್ಟಿಯ ಕೆಳಗೆ ನನ್ನ ಮೂವತ್ತೇಳೂ ಇದೆ. ಟೈಪ್ ಮಾಡುವಾಗ ಆ ಸಾಲನ್ನು ಮೂರು ಸಲ ಅಳಿಸಿದೆ.

ಅಕ್ಟೋಬರ್ ೬, ಸೋಮವಾರ

ಡೀನ್ ಕಾರಿಡಾರಿನಲ್ಲಿ ನಡೆಯುತ್ತಲೇ ಹೇಳಿದರು. "ಶುಭಾಶಯ ಮೇಡಂ. ಸಮಿತಿ ಒಪ್ಪಿದೆ, ನಿಮ್ಮ ಹಾಲ್ ಉಳೀತು. ಗುರುವಾರದ ಸಭೆಯಲ್ಲಿ ಸಹಿ."

"ನಾಲ್ಕನೇ ಪುಟ ಓದಿಯೂ ಒಪ್ಪಿದ್ರಾ ಸರ್?"

"ಮೂವತ್ತೊಂಬತ್ತು, ಮೂವತ್ತೊಂದು. ಮೊದಲ ಪುಟದಲ್ಲೇ ಉತ್ತರ ಇರುವಾಗ ನಾಲ್ಕನೇದು ಯಾರು ಓದ್ತಾರೆ?"

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಅದೂ ಪಶುವೈದ್ಯರು! ಅಷ್ಟು ನಾಚಿಕೆ ನುಂಗಿ ಬರೆದದ್ದನ್ನು ಯಾರೂ ಓದಲೇ ಇಲ್ಲ.

ಸರಪಳಿ ಅಣ್ಣನಿಗೆ ಹೇಳಿದೆ. ಅವನ ಕಣ್ಣು ತುಂಬಿತು. ಹಾಲ್ ಮುಚ್ಚಿದರೆ ಅವನನ್ನು ಕಚೇರಿಯ ಕಡತದ ಕೋಣೆಗೆ ಹಾಕುತ್ತಾರೆ. ಅವನಿಗೆ ಓದುವುದೆಂದರೆ ಆಗದು. "ಒಳ್ಳೇದಾಯ್ತು ಬಿಡಿ ಮೇಡಂ, ಸುಮ್ನಿದ್ದುಬಿಡಿ" ಎಂದ.

ಅಕ್ಟೋಬರ್ ೭, ಮಂಗಳವಾರ

ಸುಮ್ಮನಿರಬಹುದು. ಬರೆದುಕೊಟ್ಟಿದ್ದೇನೆ, ಓದದಿದ್ದರೆ ಅದು ಅವರ ಕರ್ಮ.

ಅಕ್ಟೋಬರ್ ೮, ಬುಧವಾರ

ಸುಮ್ಮನಿರಲು ಆಗುತ್ತಿಲ್ಲ. ಆ ಪರೀಕ್ಷಕ ಬಿಸ್ಕತ್ತು ಅದ್ದಿಕೊಂಡು ನಗುವುದೇ ಕಣ್ಣಿಗೆ ಬರುತ್ತದೆ. ಅವನಂಥವರನ್ನು ನಾನು ಎಷ್ಟು ಜನರನ್ನು ಕಳಿಸಿದ್ದೇನೆ? ಅತ್ತೆಯನ್ನು ಕೇಳಿದರೆ, "ನನ್ನನ್ನೇನು ಕೇಳ್ತೀಯಾ, ನೀನಾಗ್ಲೇ ತೀರ್ಮಾನ ಮಾಡಿದೀಯ. ಅದಕ್ಕೇ ಈ ಮುಖ" ಎಂದರು. ಈ ಮನೆಯಲ್ಲಿ ಒಬ್ಬರಾದರೂ ನೇರವಾಗಿ ಸಮಾಧಾನ ಹೇಳುವವರಿಲ್ಲ.

ಅಕ್ಟೋಬರ್ ೯, ಗುರುವಾರ

ಓದಿದೆ. ಸಹಿಗೆ ಪೆನ್ನು ತೆಗೆದಿದ್ದರು, ಒಂದು ನಿಮಿಷ ಎಂದು ಎದ್ದು ನಿಂತು ನಾಲ್ಕನೇ ಪುಟವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಮೊದಲ ಪರೀಕ್ಷೆಗೆ ದೇಹ ಎಡಮೈ ಮೇಲಾಗಿ ಮಲಗಿದ್ದು ಆಕಸ್ಮಿಕವಲ್ಲ, ನನ್ನ ಮಕ್ಕಳಿಗೆ ಬಲಗಡೆ ಬರುವುದಿಲ್ಲ ಎಂದು ಗೊತ್ತಿದ್ದೇ ನಾನು ಹಾಗೆ ಮಲಗಿಸಿದೆ ಎಂದೂ ಹೇಳಿದೆ. ಅದು ವರದಿಯಲ್ಲಿರಲಿಲ್ಲ.

ಡೀನ್ ಕನ್ನಡಕ ತೆಗೆದು ಒರೆಸಿದರು. "ನಿಮ್ಮ ಕಾಲ ಮೇಲೆ ನೀವೇ ಯಾಕೆ ಕಲ್ಲು ಹಾಕ್ಕೊಳ್ತೀರಿ ಮೇಡಂ?"

ಆಗ ಪರದೆ ಮೇಷ್ಟ್ರು ಎದ್ದ. "ನಾನೂ ಒಂದು ಹೇಳಬೇಕು ಸರ್. ಬಲಮೈ ಬಿಡಿಸುವಾಗ ನಾನು ಎರಡು ನರ ಕತ್ತರಿಸಿ ಹಾಕಿದೆ. ಎಳೆ ಅಂದ್ಕೊಂಡೆ. ಅಟೆಂಡರ್ ಅಣ್ಣ ಕೈ ಹಿಡಿದು ನಿಲ್ಲಿಸಿದ್ರು. ಪರದೇಲಿ ಎಷ್ಟು ತಿರುಗಿಸಿದ್ರೂ ಅದು ಅದೇ ಒಂದು ಹಸು, ಅದಕ್ಕೆ ಬಣ್ಣ ಹಚ್ಚಿದೆ."

"ಹಾಗಾದ್ರೆ ಎರಡನ್ನೂ ಮುಚ್ಚೋಣವೇನ್ರೀ?" ಎಂದು ಡೀನ್ ಮೇಜು ಕುಟ್ಟಿದರು. ಇಷ್ಟು ವರ್ಷದಲ್ಲಿ ಅವರ ಮೇಲೆ ನನಗೆ ಕನಿಕರ ಬಂದದ್ದು ಅದೊಂದೇ ಸಲ.

ತೀರ್ಮಾನವಾಯಿತು. ಷರತ್ತು ಷರತ್ತೇ. ಎರಡನ್ನೂ ಸೇರಿಸಿ ನೋಡಿದರೆ ಇಬ್ಬರದೂ ತಲಾ ಮೂವತ್ತು, ನನ್ನ ತಂಡ ಮುಂದಿಲ್ಲ. ನವೆಂಬರಿನಿಂದ ಒಂದು ಸೆಮಿಸ್ಟರ್ ನಡೆಸಿ, ಅದು ಮುಗಿದ ಮೇಲೆ ಹಾಲ್‌ಗೆ ಬೀಗ.

ಹೊರಗೆ ಬಂದು ಅಣ್ಣನಿಗೆ ಹೇಳಬೇಕಾಯಿತು. ಅವನು ಬೈಯಲಿಲ್ಲ. "ಆಯ್ತು ಮೇಡಂ" ಎಂದು ಬಕೆಟ್ ಎತ್ತಿಕೊಂಡು ಹೋದ. ಬೈದಿದ್ದರೆ ಚೆನ್ನಾಗಿತ್ತು. ಮನೆಗೆ ಬಂದು ಅತ್ತೆಯ ಪಕ್ಕ ಕೂತು ಅತ್ತುಬಿಟ್ಟೆ, ಎಷ್ಟೋ ವರ್ಷದ ಮೇಲೆ. ಅವರು ಹೊಲಿಯುತ್ತಲೇ ಇದ್ದರು, ಇನ್ನೊಂದು ಕೈ ನನ್ನ ಮಂಡಿಯ ಮೇಲಿತ್ತು.

ನವೆಂಬರ್ ೩, ಸೋಮವಾರ

ಕೊನೆಯ ಸೆಮಿಸ್ಟರಿನ ಮೊದಲ ದಿನ. ಅರವತ್ತೂ ಮಕ್ಕಳು ನನಗೇ. ಪರದೆ ಮೇಷ್ಟ್ರೂ ಬಂದ, ಹಳೆಯ ಕೋಟು ಹಾಕಿಕೊಂಡು. "ನನ್ನನ್ನೂ ಲೆಕ್ಕಕ್ಕೆ ಹಾಕ್ಕೊಳ್ಳಿ ಮೇಡಂ" ಎಂದ. ಕೊಬ್ಬು ಕೆರೆಯಲು ಹಚ್ಚಿದೆ, ಸಭ್ಯತೆ ಎಷ್ಟು ಹೊತ್ತು ಉಳಿಯುತ್ತದೋ ನೋಡೋಣ ಎಂದು. ಮಧ್ಯಾಹ್ನದ ಹೊತ್ತಿಗೆ ಮೊದಲ ಬಾರಿ ಗೊಣಗಿದ.

ವಾರಕ್ಕೊಮ್ಮೆ ದೇಹ ಮಗುಚಬೇಕೆಂದು ನಿಯಮ ಮಾಡಿದ್ದೇನೆ. ಎಂಟು ಜನ ಬೇಕು, ಎಲ್ಲರ ಬೆನ್ನೂ ಹಿಡಿಯುತ್ತದೆ. ಅಣ್ಣ ಕಂಬಿಯ ಇನ್ನೊಂದು ತುದಿಗೆ ಹೊಸ ಕೊಕ್ಕೆ ಹಾಕಿದ್ದಾನೆ. ನಾಲ್ಕೈದು ತಿಂಗಳಲ್ಲಿ ಮುಚ್ಚುವ ಹಾಲ್‌ಗೆ ಯಾಕೆ ಎಂದರೆ, "ಮುಚ್ಚೋತನಕ ಬೇಕಲ್ಲ" ಎಂದ. ನನ್ನ ಜೊತೆ ಈಗಲೂ ಮಾತು ಕಡಿಮೆ.

ಬಲಗಡೆಯ ಪಾಠಕ್ಕೆ ನಾನು ಎಲ್ಲಿ ನಿಂತರೂ ಕೈ ತಡವರಿಸುತ್ತದೆ. ಇವತ್ತು ಯಕೃತ್ತಿನ ಹಿಂದೆ ಕೈ ಹಾಕಿ ಪಿತ್ತದ ನಾಳ ಹುಡುಕುತ್ತಿದ್ದೆ. ಅರವತ್ತು ಜೊತೆ ಕಣ್ಣು ನೋಡುತ್ತಿವೆ, ನಾಳ ಸಿಗುತ್ತಿಲ್ಲ. ಎದುರಿಗೆ ನಮ್ಮ ಎಡಚಿ ನಿಂತಿದ್ದಳು. "ಇನ್ನೂ ಸ್ವಲ್ಪ ಒಳಗೆ ಮೇಡಂ, ನಿಮ್ಮ ಕಿರುಬೆರಳ ಹತ್ರ. ಅವಸರ ಮಾಡ್ಬೇಡಿ."

ಈ ಹಾಲ್‌ನಲ್ಲಿ ನನಗೆ ಅವಸರ ಮಾಡಬೇಡಿ ಎಂದವರು ಇದುವರೆಗೆ ಯಾರೂ ಇಲ್ಲ. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ನಾಳ ಬೆರಳಿಗೆ ಸಿಕ್ಕಿತು. ಅವಳು ಹೇಳಿದಲ್ಲೇ ಇತ್ತು.